ಕಂಪ್ಯೂಟರ್ ಇಲ್ಲದೆ ಕೋಡಿಂಗ್: ಹಬ್ಬದ ಚಿತ್ರಪುಸ್ತಕ ಹಿಡಿದು ಕಲಿಸಿದವರ ಅನುಭವ

ಕೇಳಿದ್ದು

ನನ್ನ ಮಗಳಿಗೆ ನಾಲ್ಕೂವರೆ ವರ್ಷ. ಈ ರಜೆಯಲ್ಲಿ ಅವಳಿಗೆ ಕೋಡಿಂಗ್ ರುಚಿ ಹತ್ತಿಸಬೇಕು ಅಂತ ಆಸೆ. ಆದರೆ ಕೈಗೆ ಫೋನು, ಟ್ಯಾಬ್ ಕೊಡಲು ಮನಸ್ಸಿಲ್ಲ. ಮನೆಯಲ್ಲಿ ಹಬ್ಬದ ಕಥೆಗಳ ಚಿತ್ರಪುಸ್ತಕಗಳಿವೆ. ಅವುಗಳಿಂದಲೇ ಶುರು ಮಾಡಬಹುದಾ? ನನಗಂತೂ ಕೋಡಿಂಗ್ ಗೊತ್ತಿಲ್ಲ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ 1

ನಿಮಗೆ ಕೋಡಿಂಗ್ ಗೊತ್ತಿರಬೇಕಾಗಿಲ್ಲ. ಯಾವುದಾದ ಮೇಲೆ ಯಾವುದು ಮಾಡಬೇಕು ಅಂತ ಕಂಪ್ಯೂಟರಿಗೆ ಹೇಳುವುದೇ ಕೋಡಿಂಗ್, ಕಥೆಯಲ್ಲೂ ಅಂಥದ್ದೇ ಸಾಲು ಇರುತ್ತದೆ. ಕಥೆ ಓದಿ ಹೇಳಲು ಬಂದರೆ ಸಾಕು. ಸ್ಕ್ರೀನ್ ಬೇಡ ಅಂದದ್ದೂ ಒಳ್ಳೆಯದೇ ಆಯಿತು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಉತ್ತರ 2

ನಾನು ಚಿಕ್ಕ ಮಕ್ಕಳ ಟೀಚರ್. ಮೊದಲ ಎರಡು ಸಲ ಕಥೆಯನ್ನು ಸುಮ್ನೆ ಕಥೆಯಾಗಿ ಓದಿ. ಏನೂ ಕೇಳಬೇಡಿ. ನಾನು ಮೊದಮೊದಲು ಪ್ರತಿ ಪುಟಕ್ಕೂ ನಿಲ್ಲಿಸಿ "ಮುಂದೇನು? ಯಾಕೆ?" ಅಂತ ಕೇಳುತ್ತಿದ್ದೆ. ಮಕ್ಕಳು ಎದ್ದು ಹೋಗುತ್ತಿದ್ದರು. ತಪ್ಪು ನನ್ನದೇ.

ಹಬ್ಬದ ಕಥೆಗಳು ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಹಬ್ಬ ಅಂದರೇ ತಯಾರಿ ಅಲ್ವಾ? ಮನೆ ಗುಡಿಸಬೇಕು, ಅಲಂಕಾರ ಮಾಡಬೇಕು, ಉಡುಗೊರೆ ಕಟ್ಟಬೇಕು, ಆಮೇಲೆ ನೆಂಟರು ಬರಬೇಕು. ಈ ಸಾಲು ಮಗುವಿಗೆ ಮೊದಲೇ ಗೊತ್ತು. ಮೂರನೇ ದಿನ ಕಥೆಯ ಐದಾರು ಘಟನೆಗಳನ್ನು ಬೇರೆ ಬೇರೆ ಚೀಟಿಗಳಲ್ಲಿ ಅವಳ ಕೈಯಿಂದಲೇ ಚಿತ್ರ ಮಾಡಿಸಿ. ಚೀಟಿಗಳನ್ನು ಕಲೆಸಿ. ಅವಳು ಜೋಡಿಸಲಿ.

ಇಲ್ಲಿ ಆತುರ ಬೇಡ. ಕೆಲವು ಚೀಟಿಗಳು ಅದಲುಬದಲಾದರೂ ಕಥೆ ಕೆಡುವುದಿಲ್ಲ. ಹೊಸ ಬಟ್ಟೆ ಮೊದಲೋ, ಅಲಂಕಾರ ಮೊದಲೋ, ಎರಡೂ ನಡೆಯುತ್ತದೆ. ಆದರೆ ಉಡುಗೊರೆ ಒಳಗಿಡುವ ಮೊದಲೇ ಡಬ್ಬಿಗೆ ಕಾಗದ ಸುತ್ತಿಬಿಟ್ಟರೆ? ಡಬ್ಬಿ ಖಾಲಿ! ಯಾವುದು ಮೊದಲು ಆಗಲೇಬೇಕು, ಯಾವುದು ಹಿಂದೆಮುಂದೆ ಆದರೂ ಪರವಾಗಿಲ್ಲ ಅನ್ನುವುದನ್ನು ಮಗು ತಾನಾಗಿ ಕಂಡುಕೊಳ್ಳಬೇಕು. ನಿಮ್ಮ ರಜೆಯೆಲ್ಲ ಇದೊಂದಕ್ಕೇ ಹೋದರೂ ನಷ್ಟವಿಲ್ಲ. ಕೆಲಸ ಮುಗಿಸುವ ಹಂತಗಳ ಇಂಥ ಸಾಲಿಗೆ ಆಲ್ಗಾರಿದಮ್ ಅನ್ನುತ್ತಾರೆ, ಆದರೆ ಆ ಪದ ಈಗ ಬೇಡವೇ ಬೇಡ.

ಉತ್ತರ 3

ನನ್ನದು ಪ್ರೋಗ್ರಾಮಿಂಗ್ ಕೆಲಸ. ಟೀಚರ್ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಮಗನಿಗೆ ಐದು ತುಂಬಿದಾಗ ನಾವು ಆಡಿದ್ದನ್ನು ಹೇಳುತ್ತೇನೆ.

ಕಥೆಯಲ್ಲಿ ಒಬ್ಬ ಹುಡುಗಿ ಉಡುಗೊರೆ ಹಿಡಿದು ಅಜ್ಜಿ ಮನೆಗೆ ಹೊರಡುತ್ತಾಳೆ. ನೆಲದ ಮೇಲೆ 16 ಚೌಕ ಬರೆದೆವು. ಹುಡುಗಿ ನಾನು. ಬಾಣದ ಚೀಟಿ ಜೋಡಿಸಿ ದಾರಿ ಹೇಳುವವನು ಮಗ. ಅವನು ತಪ್ಪಾಗಿ ಇಟ್ಟರೆ ನಾನು ತಪ್ಪು ದಾರಿಯಲ್ಲೇ ಹೋಗಬೇಕು. ಪಾಪ ಅನ್ನಿಸಿ ನೀವೇ ಸರಿಯಾದ ಕಡೆ ತಿರುಗಿಬಿಟ್ಟರೆ ಆಟ ಅಲ್ಲಿಗೇ ಮುಗಿಯಿತು. ಯಾವ ಚೀಟಿಯಲ್ಲಿ ದಾರಿ ತಪ್ಪಿತು ಅಂತ ಹುಡುಕುವುದರಲ್ಲೇ ಕಲಿಕೆ ಇರುವುದು.

ಇದು ಹೊಸ ಆಟವೇನಲ್ಲ. 1967ರಲ್ಲಿ ಗಣಿತಜ್ಞ ಸೀಮರ್ ಪ್ಯಾಪರ್ಟ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಮುಂದೆ ಅದಕ್ಕೊಂದು ಆಮೆ ಬಂತು, ಅಂದರೆ ಮಕ್ಕಳು ಲೋಗೋದಲ್ಲಿ ಹೇಳಿದಂತೆ ನಡೆಯುವ ಪುಟ್ಟ ಯಂತ್ರ. ಆಮೆಗೆ ದಾರಿ ಹೇಳಲು ತೋಚದಿದ್ದರೆ ನೀನೇ ಆಮೆಯಾಗಿ ನಡೆದು ನೋಡು ಅನ್ನುವುದು ಪ್ಯಾಪರ್ಟ್ ಅವರ ದಾರಿ.

ಈ ವಯಸ್ಸಿಗೆ ಎಡ ಬಲ ಗೊಂದಲ ಸಹಜ. ನೀವು ಒಂದು ಕೈಗೆ ಕೆಂಪು, ಇನ್ನೊಂದಕ್ಕೆ ನೀಲಿ ದಾರ ಕಟ್ಟಿಕೊಳ್ಳಿ. ತಿರುಗುವ ಚೀಟಿಗೂ ಅದೇ ಬಣ್ಣ. ಮಗು ನಿಮ್ಮ ಎದುರಿಗೆ ನಿಲ್ಲದೆ ಹಿಂದೆ ನಿಲ್ಲಲಿ.

ಇನ್ನೊಂದು ದಿನ ಪುಸ್ತಕದಲ್ಲಿದ್ದಂಥ ಕಾಗದದ ಸರ ಮಾಡಿದೆವು. ಕೆಂಪು, ಹಳದಿ, ಹಳದಿ. ಹೀಗೆ ನಾಲ್ಕು ಸಲ. ಬರೆದಿಡಲು 12 ಚೀಟಿ ಬೇಕು, ಬೇಕಂತಲೇ ಆರು ಕೊಟ್ಟೆ. ಸ್ವಲ್ಪ ಹೊತ್ತು ಸಿಟ್ಟಾದ. ಆಮೇಲೆ "ಅಪ್ಪಾ, ಹಿಂಗೇ ಮತ್ತೆ ಮಾಡು ಅಂತ ಹೇಳ್ಲಾ?" ಅಂದ. ಬಣ್ಣದ ಚೀಟಿ ಮೂರು, ಪಕ್ಕದಲ್ಲಿ ನಾಲ್ಕು ಚುಕ್ಕಿಯ ಒಂದು ಚೀಟಿ. ಲೂಪ್ ಅಂದರೆ ಇಷ್ಟೇ. ಆ ಚುಕ್ಕಿ ಚೀಟಿಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಉತ್ತರ 4

ನಮ್ಮ ಮನೆಯಲ್ಲಿ "ಬಾಗಿಲು ಮುಚ್ಚಿದ್ದರೆ ತಟ್ಟು, ತೆರೆದಿದ್ದರೆ ಒಳಗೆ ಹೋಗು" ಅನ್ನುವ ಚೀಟಿಯೂ ಸೇರಿತು. ಆರು ವರ್ಷದ ಮಗಳಿಗೆ ಇಷ್ಟವಾಯಿತು, ತಮ್ಮನಿಗೆ ಇನ್ನೂ ಕಷ್ಟ. ಮಕ್ಕಳು ದೊಡ್ಡವರಾದ ಮೇಲೆ ನ್ಯೂಜಿಲೆಂಡ್‌ನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದವರ ಸಿಎಸ್ ಅನ್‌ಪ್ಲಗ್ಡ್ ಎಂಬ ಕಂಪ್ಯೂಟರ್ ವಿಜ್ಞಾನದ ಚಟುವಟಿಕೆಗಳನ್ನು ನೋಡಿ. ಉಚಿತವಾಗಿ ಸಿಗುತ್ತವೆ, ಕಂಪ್ಯೂಟರ್ ಮುಟ್ಟದೆ ಆಡಬಹುದು.

ಕೇಳಿದವರು ಮತ್ತೆ ಬರೆದದ್ದು

ಎಲ್ಲರಿಗೂ ಧನ್ಯವಾದ. ಓದು, ಚೀಟಿ ಜೋಡಿಸುವುದು ಆಗಿ ಇವತ್ತು ಬಾಣದ ಆಟಕ್ಕೆ ಬಂದೆವು. ಮಗಳು ಹೇಳಿದಂತೆ ನಡೆದು ನೇರ ಗೋಡೆಗೆ ಹೋಗಿ ನಿಂತೆ. ಅವಳು ಓಡಿ ಬಂದು ಕೊನೆಯ ಚೀಟಿ ತೆಗೆದು, ಯೋಚಿಸಿ, ಅದನ್ನು ವಾಪಸ್ ಇಟ್ಟು ಅದರ ಹಿಂದಿನದನ್ನು ಬದಲಾಯಿಸಿದಳು! ನಾಳೆ ಕಾಗದದ ಸರ. ಮೂರು ಬಣ್ಣ ಜಾಸ್ತಿ ಆಗುತ್ತದಾ?

ಉತ್ತರ 2 ಬರೆದವರು

ಎರಡು ಸಾಕು. ಮೂರನೆಯದನ್ನು ಅವಳೇ ಕೇಳಲಿ.