17 ಅಂಕಿಯ ಸಂಖ್ಯೆಯ ಕೊನೆಯ 21 ಸ್ಪ್ರೆಡ್‌ಶೀಟ್‌ನಲ್ಲಿ 00 ಆಗುತ್ತಿದೆ, ಏಕೆ?

ತೀರ್ಥಹಳ್ಳಿಯ ಗಣಿತ ಶಿಕ್ಷಕಿ:
ಶಾಲೆಯ ವಸ್ತುಪ್ರದರ್ಶನಕ್ಕಾಗಿ ನಮ್ಮ ಮಕ್ಕಳು 12345678987654321ರ ಗುಣಗಳನ್ನು ಹುಡುಕುತ್ತಿದ್ದಾರೆ. ಇದು 111111111ರ ವರ್ಗ. ಅಂಕಿಗಳ ಮೊತ್ತ 81, ಆದ್ದರಿಂದ 9ರಿಂದ ಭಾಗವಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದರು. ತಾಳೆ ನೋಡೋಣವೆಂದು ಸ್ಪ್ರೆಡ್‌ಶೀಟ್‌ನಲ್ಲಿ ಟೈಪ್ ಮಾಡಿದರೆ 12345678987654300 ಎಂದಾಗುತ್ತದೆ! ಕೋಶವನ್ನು ಅಗಲ ಮಾಡಿದರೂ ಅಷ್ಟೇ. ಬೆಸ ಸಂಖ್ಯೆಯೊಂದು 100ರಿಂದ ಭಾಗವಾಗುವಂತೆ ಕಾಣುತ್ತಿದೆ. ತಮ್ಮ ಲೆಕ್ಕವೇ ತಪ್ಪೆಂದು ಮಕ್ಕಳು ಡಸ್ಟರ್ ಎತ್ತಿಕೊಂಡಿದ್ದರು, ನಾನೇ ತಡೆದೆ.

ಸಾಗರದ ಮಂಡಿ ಲೆಕ್ಕಿಗ:
ಮೇಡಂ, ಮಕ್ಕಳ ಲೆಕ್ಕ ಸರಿಯಾಗಿದೆ, ಅಳಿಸಬೇಡಿ. ಸ್ಪ್ರೆಡ್‌ಶೀಟ್ ಮೊದಲ 15 ಅಂಕಿಗಳನ್ನಷ್ಟೇ ಇಟ್ಟುಕೊಂಡು ಉಳಿದ ಕಡೆ ಸೊನ್ನೆ ತುಂಬುತ್ತದೆ. ಅಡಿಕೆ ಮಂಡಿಯಲ್ಲಿ ಬೆಳೆಗಾರರೊಬ್ಬರ 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆ ಸೊನ್ನೆಯಲ್ಲಿ ಮುಗಿದಾಗ ನನಗೆ ಇದು ತಿಳಿಯಿತು. ಕೋಶವನ್ನು ಮೊದಲೇ ಪಠ್ಯ ರೂಪಕ್ಕೆ ಬದಲಿಸಿ ಟೈಪ್ ಮಾಡಿದರೆ ಅಂಕಿಗಳು ಉಳಿಯುತ್ತವೆ. ಆದರೆ ಅಷ್ಟೂ ಅಂಕಿಗಳ ಲೆಕ್ಕ ಅಲ್ಲಿ ಆಗುವುದಿಲ್ಲ. ಲೆಕ್ಕಕ್ಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಳ್ಳಿ. ಅದು ಪೂರ್ಣಾಂಕ ಎಷ್ಟೇ ಉದ್ದವಿದ್ದರೂ ಒಂದು ಅಂಕಿಯನ್ನೂ ಬಿಡುವುದಿಲ್ಲ.

ಈ ಮಳೆಯಲ್ಲಿ ಕರೆಂಟ್ ನಂಬಿ ಕೂರುವಂತಿಲ್ಲ, ಕೈಲೆಕ್ಕವೂ ಇರಲಿ. ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ ಕೂಡಿಸಿ:

12 + 345 + 678 + 987 + 654 + 321 = 2997

2997 ಎಂದರೆ ಮೂರು ಸಲ 999. ಹಾಗಾಗಿ ಮೂಲ ಸಂಖ್ಯೆಯೂ 999ರಿಂದ ಭಾಗವಾಗುತ್ತದೆ. 999 ಎಂದರೆ 27 × 37. ನೋಡಿ, 37 ಎಷ್ಟು ಸುಲಭವಾಗಿ ಸಿಕ್ಕಿತು! ಪೂರ್ತಿ ಬಿಡಿಸಿದರೆ 3ರ ನಾಲ್ಕನೇ ಘಾತ, 37ರ ವರ್ಗ, 333667ರ ವರ್ಗ ಇವುಗಳ ಗುಣಲಬ್ಧ. ಪ್ರತಿ ಘಾತಕ್ಕೂ ಒಂದು ಕೂಡಿಸಿ ಗುಣಿಸಿದರೆ ಅಪವರ್ತನಗಳ ಸಂಖ್ಯೆ 5 × 3 × 3, ಅಂದರೆ 45. ಪೂರ್ಣ ವರ್ಗಕ್ಕೆ ಯಾವಾಗಲೂ ಬೆಸ ಸಂಖ್ಯೆಯಷ್ಟೇ ಅಪವರ್ತನಗಳಿರುತ್ತವೆ. ಅಪವರ್ತನಗಳು ಎರಡೆರಡಾಗಿ ಜೋಡಿಯಾಗುವಾಗ ವರ್ಗಮೂಲಕ್ಕೆ ಮಾತ್ರ ಜೋಡಿ ಅದೇ ಆಗಿರುವುದು ಇದಕ್ಕೆ ಕಾರಣ.

ತೀರ್ಥಹಳ್ಳಿಯ ಗಣಿತ ಶಿಕ್ಷಕಿ:
ಪೈಥಾನ್‌ನಲ್ಲಿ 45 ಬಂದಿತು, ಧನ್ಯವಾದ ಸರ್. ಈಗ ಹೊಸ ತೊಡಕು. ವರ್ಗಮೂಲ ತೆಗೆದರೆ ಕೊನೆಯಲ್ಲಿ 322 ಇರುವ ಮುಂದಿನ ಸಂಖ್ಯೆಗೂ 111111111.0 ಎಂದೇ ಉತ್ತರ ಬರುತ್ತದೆ. ಎರಡೂ ವರ್ಗಗಳಾಗುವುದು ಹೇಗೆ?

ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿ:
ಮೇಡಂ, ಸಾಮಾನ್ಯ ವರ್ಗಮೂಲದ ಆಜ್ಞೆ ಸಂಖ್ಯೆಯನ್ನು ದಶಮಾಂಶ ಬಿಂದುವಿರುವ (ಫ್ಲೋಟ್) ರೂಪಕ್ಕೆ ತಿರುಗಿಸಿಕೊಳ್ಳುತ್ತದೆ. 2ರ 53ನೇ ಘಾತ, ಅಂದರೆ 9007199254740992, ದಾಟಿದ ಮೇಲೆ ಆ ರೂಪದಲ್ಲಿ ಎಲ್ಲ ಪೂರ್ಣಾಂಕಗಳಿಗೂ ಜಾಗವಿಲ್ಲ. ನಿಮ್ಮ ಸಂಖ್ಯೆ ಆ ಗಡಿಯ ಆಚೆಗಿದೆ. ಪೂರ್ಣಾಂಕಗಳಿಗೆಂದೇ ಇರುವ ಐಎಸ್‌ಕ್ಯೂಆರ್‌ಟಿ ಆಜ್ಞೆ ಬಳಸಿ, ಬಂದ ಉತ್ತರವನ್ನು ಮತ್ತೆ ವರ್ಗ ಮಾಡಿ ಮೂಲ ಸಂಖ್ಯೆಯೊಂದಿಗೆ ಹೋಲಿಸಿ. ಇನ್ನೊಂದು ಮಾತು, 2, 3, 7, 8ರಲ್ಲಿ ಮುಗಿಯುವ ಸಂಖ್ಯೆ ಎಂದಿಗೂ ಪೂರ್ಣ ವರ್ಗವಲ್ಲ.

ತೀರ್ಥಹಳ್ಳಿಯ ಗಣಿತ ಶಿಕ್ಷಕಿ:
ಸರಿಯಾಯಿತು! ಮಕ್ಕಳು ಈಗ ಹತ್ತು ಒಂದುಗಳ ವರ್ಗಕ್ಕೆ ಕೈ ಹಾಕಿದ್ದಾರೆ. 1234567900987654321 ಬಂದು 8 ಒಂದು ಕಡೆ ಕಾಣೆಯಾಗಿದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಒಂದರ ಕೆಳಗೊಂದು ಬರೆದು ಕೂಡಿಸುತ್ತಾ, ನಡುವಿನ ಕಂಬಸಾಲಿನಲ್ಲಿ ಹತ್ತು ಒಂದುಗಳು ಸೇರಿ ದಶಕ ಎಡಕ್ಕೆ ಹೋಗುವುದನ್ನು ಬೆರಳಿಟ್ಟು ತೋರಿಸಿದಳು.