ಬೇಲೆಗೆ (ಕಡಲ ದಡದ ಮರಳಿಗೆ) ಇಳಿಯುವ ದಾರಿಗೆ ಗೇಟು ಹಾಕಿ ಬೀಗ ಹಾಕೋಣ ಅಂತಿದ್ದಾರೆ, ಏನು ಮಾಡಲಿ?

ಶಿರಸಿ ಅಕ್ಕೋರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು. ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಕಲಿಸಿ ನಿವೃತ್ತಳಾದೆ. ಆರು ವರ್ಷದ ಹಿಂದೆ ಕುಮಟಾ ಮತ್ತು ಗೋಕರ್ಣದ ನಡುವೆ ಒಂದು ಲೇಔಟಿನಲ್ಲಿ ಮನೆ ಕಟ್ಟಿಸಿದೆವು. ಒಟ್ಟು 24 ಸೈಟು, 14 ಮನೆ. ವರ್ಷವಿಡೀ ಇರುವವರು ಐದೇ ಮನೆಯವರು. ಉಳಿದವರು ಹುಬ್ಬಳ್ಳಿ, ಬೆಂಗಳೂರಿನಿಂದ ಶನಿವಾರ ಬಂದು ಭಾನುವಾರ ಹೋಗುತ್ತಾರೆ. ಹೋದ ವರ್ಷ ಸೈಟುದಾರರ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು.

ಲೇಔಟಿನ ಪಶ್ಚಿಮದ ತುದಿಯಿಂದ ಗಾಳಿ ಮರಗಳ ನಡುವೆ ಹತ್ತು ಅಡಿ ಅಗಲದ ದಾರಿ ಬೇಲೆಗೆ ಇಳಿಯುತ್ತದೆ. ಚಿಕ್ಕ ಬೇಲೆ, ಎರಡೂ ಬದಿಗೆ ಬಂಡೆ. ಸೈಟು ಮಾರುವಾಗ ಕೊಟ್ಟ ಕರಪತ್ರದಲ್ಲಿ ‘ನಿಮ್ಮದೇ ಖಾಸಗಿ ಬೀಚ್’ ಅಂತ ಅಚ್ಚು ಹಾಕಿಸಿದ್ದರು. ಅದನ್ನು ನಂಬಿ ದುಡ್ಡು ಕೊಟ್ಟವರಿದ್ದಾರೆ. ನಾವೂ ನಂಬಿದ್ದೆವು. ಈಗ ಹನ್ನೊಂದು ಜನ ಸದಸ್ಯರು ಸಹಿ ಹಾಕಿ ಪತ್ರ ಕೊಟ್ಟಿದ್ದಾರೆ. ದಾರಿಗೆ ಕಬ್ಬಿಣದ ಗೇಟು, ಮನೆಗೊಂದು ಕೀಲಿ, ಹೊರಗೆ ‘ಖಾಸಗಿ ಜಾಗ’ ಅಂತ ಬೋರ್ಡು. ಮುಂದಿನ ಭಾನುವಾರ ಸರ್ವಸಾಧಾರಣ ಸಭೆ.

ಆದರೆ ಆ ದಾರಿಯಲ್ಲಿ ನಾವಷ್ಟೇ ಓಡಾಡುವುದಿಲ್ಲ. ಪಕ್ಕದಲ್ಲಿ ಮೀನು ಹಿಡಿಯುವ ಹರಿಕಂತ್ರರ ಕೇರಿಯಿದೆ, ಅವರ ನಾಲ್ಕು ದೋಣಿ ಬೇಲೆಯ ಮೇಲೇ ಇರುತ್ತವೆ. ಬೆಳಿಗ್ಗೆ ಬಲೆ ಎಳೆದ ಮೇಲೆ ಹೆಂಗಸರು ಬುಟ್ಟಿ ಹೊತ್ತು ಇದೇ ದಾರಿಯಲ್ಲಿ ರಸ್ತೆಗೆ ಬರುತ್ತಾರೆ. ಮೊನ್ನೆ ಅವರಲ್ಲೊಬ್ಬ ಅಜ್ಜಿ ನಮ್ಮ ಅಂಗಳದ ಮುಂದೆ ಬುಟ್ಟಿ ಇಳಿಸಿದರು. ಬುಟ್ಟಿಯಿಂದ ನೀರು ಸೋರಿ ಅವರ ಹೆಗಲ ಮೇಲಿನ ಸೀರೆಯೆಲ್ಲ ಒದ್ದೆ. ಸಿಂಬೆ ಬಿಚ್ಚಿ, ಹಿಂಡಿ, ಮತ್ತೆ ಸುತ್ತಿಕೊಳ್ಳುತ್ತಾ ಕೇಳಿದರು: “ಅಕ್ಕೋರೇ, ಬೀಗ ಹಾಕ್ತ್ರಂತೆ ಹೌದನ್ರಾ? ನಾವು ಬುಟ್ಟಿ ಹೊತ್ಕಂಡು ಯಾವ ಬದಿಂದ ಹೋಗ್ಬೇಕು?”

ನನಗೆ ಉತ್ತರ ಹೊಳೆಯಲಿಲ್ಲ. ಅವತ್ತಿಂದ ಸರಿಯಾಗಿ ನಿದ್ದೆ ಇಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ಹೋದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಮರಳ ಮೇಲೆ ಟ್ರ್ಯಾಕ್ಟರ್ ಚಕ್ರದ ಗುರುತಿನಂಥ ಸಾಲು ಕಂಡೆ. ಕೇರಿಯ ಹುಡುಗ ನೋಡಿದ ಕೂಡಲೇ ಕಡಲಾಮೆ ಮೊಟ್ಟೆ ಇಟ್ಟು ಹೋಗಿದೆ ಅಂದ. ಅರಣ್ಯ ಇಲಾಖೆಯವರು ಬಂದು ಸುತ್ತ ಬಲೆ ಕಟ್ಟಿದರು. ಏಪ್ರಿಲಿನಲ್ಲಿ ಮರಿ ಹೊರಬಂದ ರಾತ್ರಿ, ನಮ್ಮದೇ ಲೇಔಟಿನ ಒಂದು ಮನೆಯ ದೊಡ್ಡ ದೀಪ ಉರಿಯುತ್ತಿತ್ತು. ಮರಿಗಳು ನೀರಿನ ಕಡೆ ಹೋಗುವುದು ಬಿಟ್ಟು ಆ ಬೆಳಕಿನ ಕಡೆ ಹತ್ತತೊಡಗಿದವು. ಗಾರ್ಡ್ ಒಂದೊಂದನ್ನೇ ಎತ್ತಿ ತಿರುಗಿಸಿ ಬಿಡುತ್ತಿದ್ದರು. ಅವರ ಅಂಗೈಯಲ್ಲಿ ಒಂದು ಮರಿ ಮರಳಂಟಿದ ಕೈಕಾಲು ಆಡಿಸುತ್ತಾ ಇನ್ನೂ ಈಜುತ್ತಲೇ ಇತ್ತು. ನಾನು ಓಡಿಹೋಗಿ ವಾಚ್‌ಮನ್ ಎಬ್ಬಿಸಿ ದೀಪ ಆರಿಸಿದೆ. ಅಷ್ಟರಲ್ಲಿ ಕೆಲವು ಗಾಳಿ ಮರದ ಬುಡದಲ್ಲಿ ಇರುವೆ ಮುತ್ತಿ ಸತ್ತಿದ್ದವು.

ಅದಕ್ಕೇ ಬೇಲೆಯನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವ ಪ್ರಶ್ನೆ ನನಗೆ ಗೇಟಿಗಿಂತ ದೊಡ್ಡದಾಗಿದೆ. ಕಾನೂನು ಗೊತ್ತಿದ್ದವರು, ಇಂಥ ಸಂಘ ನಡೆಸಿದವರು ದಯವಿಟ್ಟು ಹೇಳಿ. ಸಭೆಯಲ್ಲಿ ಏನಂತ ಮಾತಾಡಲಿ?

ಮೋಜಣಿ ಮಾವ, ಕಾರವಾರ

ಅಕ್ಕೋರೇ, ನಾನು ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆದು ನಿವೃತ್ತನಾದವನು. ನೇರವಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಖಾಸಗಿ ಬೀಚ್ ಅನ್ನುವುದು ಇಲ್ಲ. ಭರತ (ಕಡಲಿನ ಉಬ್ಬರ) ಬಂದಾಗ ನೀರು ಎಲ್ಲಿಯವರೆಗೆ ಮುಟ್ಟುತ್ತದೋ ಅದರ ಕೆಳಗಿನ ಮರಳು ಸರಕಾರದ್ದು. ಅದನ್ನು ಯಾರೂ ಯಾರಿಗೂ ಮಾರಿಲ್ಲ, ಮಾರಲಿಕ್ಕೂ ಬರುವುದಿಲ್ಲ. ನಿಮ್ಮ ಖರೀದಿ ಪತ್ರದ ಚಕ್ಕುಬಂದಿ ನೋಡಿ. ‘ಪಶ್ಚಿಮಕ್ಕೆ ಸಮುದ್ರ’ ಅಂತ ಇರಬಹುದು. ಅದರ ಅರ್ಥ ನಿಮ್ಮ ಜಾಗ ಅಲ್ಲಿಗೆ ಮುಗಿಯಿತು ಅಂತ. ಕರಪತ್ರಕ್ಕೆ ಕಚೇರಿಯಲ್ಲಿ ಬೆಲೆ ಇಲ್ಲ.

ಇನ್ನು ದಾರಿ. ಪಹಣಿಯಲ್ಲಿ ಖರಾಬಿನ (ಸಾಗುವಳಿಗೆ ಬಾರದ ಜಾಗದ) ಕಾಲಂ ನೋಡಿ. ‘ಬ’ ಖರಾಬು ಅಂತ ಇದ್ದರೆ ಅದು ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ದಾರಿ, ಹಳ್ಳ, ಸ್ಮಶಾನ ಎಲ್ಲ ಅದರಲ್ಲೇ ಬರುತ್ತವೆ. ಅದಕ್ಕೆ ಗೇಟು ಹಾಕುವ ಮಾತೇ ಇಲ್ಲ. ಹಾಗೆ ಇಲ್ಲದಿದ್ದರೆ ಬಿನ್‌ಶೇತ್ಕಿ (ಕೃಷಿ ಜಮೀನನ್ನು ಕೃಷಿಯೇತರ) ಮಾಡುವಾಗ ಮಂಜೂರಾದ ಲೇಔಟ್ ನಕ್ಷೆ ತೆಗೆಸಿ. ಅದರಲ್ಲಿ ರಸ್ತೆ ಅಂತ ತೋರಿಸಿದ್ದರೆ ಅದೂ ಸಂಘದ ಸ್ವಂತದ್ದಲ್ಲ. ಎರಡೂ ಅಲ್ಲದೆ ಪಟ್ಟಾ ಜಾಗದಲ್ಲೇ ದಾರಿ ಇದೆ ಅಂದುಕೊಳ್ಳಿ. ಆಗಲೂ 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಬೇರೆಯವರ ಜಾಗದಲ್ಲಿ ಓಡಾಡುವಂಥ ಹಕ್ಕಿನ ಕಾಯ್ದೆ ಇದೆ. ಹಕ್ಕಿನಿಂದ, ಎಲ್ಲರ ಕಣ್ಣೆದುರೇ, ತಡೆಯಿಲ್ಲದೆ 20 ವರ್ಷ ಓಡಾಡಿದ ದಾರಿಯ ಮೇಲೆ ಓಡಾಡಿದವರಿಗೆ ಹಕ್ಕು ಬರುತ್ತದೆ. ರೂಢಿಯಿಂದ ಬಂದ ಹಕ್ಕನ್ನೂ ಆ ಕಾಯ್ದೆ ಒಪ್ಪುತ್ತದೆ. ಕೇರಿಯವರು ನಿಮ್ಮ ಲೇಔಟಿಗಿಂತ ಮೊದಲಿನವರು ಅಲ್ವಾ? ಕೋರ್ಟಿಗೆ ಹೋದರೆ ಸಂಘದ ದುಡ್ಡು ವಕೀಲರಿಗೆ ಹೋಗುತ್ತದೆ, ಅಷ್ಟೇ.

ಇನ್ನೊಂದು ವಿಷಯವನ್ನು ಸಭೆಯಲ್ಲಿ ಖಂಡಿತ ಹೇಳಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮದ ಪ್ರಕಾರ, ಹಳ್ಳಿ ಭಾಗದಲ್ಲಿ ಭರತ ರೇಖೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. 2011ರ ಅಧಿಸೂಚನೆಯಲ್ಲಿ ಹಾಗಿತ್ತು. 2019ರದ್ದರಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರುವ ಕಡೆ ಮಾತ್ರ ಅದನ್ನು 50 ಮೀಟರಿಗೆ ಇಳಿಸಿದ್ದಾರೆ. ನಿಮ್ಮ ಊರಲ್ಲಿ ಅಷ್ಟು ಜನ ಎಲ್ಲಿದ್ದಾರೆ? ಅಲ್ಲಿ ಪಾಗಾರ, ಗೇಟಿನ ಕಂಬ ಎಬ್ಬಿಸಿ ಯಾರಾದರೂ ದೂರು ಕೊಟ್ಟರೆ ಉಳಿದ ಮನೆಗಳ ಕಾಗದವನ್ನೂ ತೆಗೆದು ನೋಡುತ್ತಾರೆ.

ಮೊದಲು ಒಂದು ಮೋಜಣಿ ಮಾಡಿಸಿ, ಗಡಿ ಕಲ್ಲು ಎಲ್ಲಿದೆ ಅಂತ ತಿಳಿದುಕೊಳ್ಳಿ. ಅರ್ಧ ಜಗಳ ಅಲ್ಲೇ ತೀರುತ್ತದೆ.

ವಾರಾಂತ್ಯದವ

ಗೇಟು ಬೇಕು ಅನ್ನುವವರ ಪರವಾಗಿ ಒಂದು ಮಾತು. ನನ್ನದೂ ಅಂಕೋಲಾ ಹತ್ತಿರ ಹೀಗೇ ಒಂದು ಮನೆ. ನಮಗೆ ಮೀನುಗಾರರಿಂದ ತೊಂದರೆ ಇಲ್ಲ. ಗೋಕರ್ಣದ ಓಂ ಬೀಚ್, ಕುಡ್ಲೆ ಬೀಚ್ ತುಂಬಿದ ಮೇಲೆ ಮೊಬೈಲ್ ಮ್ಯಾಪ್ ನೋಡಿಕೊಂಡು ಜೀಪು ಬರುತ್ತವೆ. ನೇರ ಮರಳಿಗೆ ಇಳಿಸುತ್ತಾರೆ. ರಾತ್ರಿ ಎರಡರ ತನಕ ಹಾಡು. ಬೆಳಿಗ್ಗೆ ಒಡೆದ ಬಾಟಲಿ. ಹೋದ ವರ್ಷ ನನ್ನ ಮಗಳ ಕಾಲಿಗೆ ಗಾಜು ಹೊಕ್ಕು ಐದು ಹೊಲಿಗೆ ಬಿತ್ತು. ಕಾನೂನು ಸರಿ, ಒಪ್ಪಿದೆ. ಆದರೆ ಇದಕ್ಕೆ ಪರಿಹಾರ ಏನು?

ಏಂಡಿ ಬಲೆ

ನಾನು ಹೊನ್ನಾವರ ಕಡೆಯ ಹರಿಕಂತ್ರ. ಅಪ್ಪ, ದೊಡ್ಡಪ್ಪ ಎಲ್ಲ ಬಲೆ ಎಳೆದವರು, ನಾನೀಗ ಮಂಗಳೂರಲ್ಲಿ ಕೆಲಸದಲ್ಲಿದ್ದೇನೆ. ಅಕ್ಕೋರು ಕೇಳಿದ್ದಕ್ಕೆ ಸಂತೋಷವಾಯಿತು. ಸಾಮಾನ್ಯವಾಗಿ ನಮ್ಮನ್ನು ಯಾರೂ ಕೇಳುವುದಿಲ್ಲ.

ಲೇಔಟಿನವರಿಗೆ ಒಂದು ತಿಳಿಯಬೇಕು. ಏಂಡಿ ಬಲೆಗೆ ಜಾಗ ಬೇಕು. ದೋಣಿಯಲ್ಲಿ ಬಲೆಯನ್ನು ಅರ್ಧ ಚಂದ್ರದ ಹಾಗೆ ಬಿಟ್ಟು ಬರುತ್ತೇವೆ. ಆಮೇಲೆ ಎರಡು ತುದಿಯ ಹಗ್ಗವನ್ನು ಎರಡು ಕಡೆ ನಿಂತು ಎಳೆಯುತ್ತೇವೆ. ಎಳೆಯುತ್ತಾ ಎರಡೂ ತಂಡ ಹತ್ತಿರ ಬರಬೇಕು. ನಡುವೆ ಕುರ್ಚಿ, ಛತ್ರಿ, ವಾಲಿಬಾಲ್ ಕಂಬ ಇದ್ದರೆ ಆಗುವುದಿಲ್ಲ. ಮೊದಲು ರಂಪಣಿ ಇತ್ತು, ಊರಿಗೆ ಊರೇ ಸೇರಿ ಎಳೆಯುವಂಥದ್ದು. 1970ರ ದಶಕದಲ್ಲಿ ಪರ್ಸೀನ್ ಬೋಟ್ (ಕಡಲಲ್ಲೇ ಮೀನಿನ ಹಿಂಡಿಗೆ ಬಲೆ ಸುತ್ತುವ ಯಂತ್ರದ ದೋಣಿ) ಬಂದ ಮೇಲೆ ರಂಪಣಿ ಕುಗ್ಗಿತು. ಈಗ ಉಳಿದಿರುವುದು ಈ ಸಣ್ಣ ಬಲೆ, ಸಣ್ಣ ದೋಣಿ. ದೋಣಿ ಇಡಲಿಕ್ಕೆ, ಬಲೆ ಒಣಗಿಸಲಿಕ್ಕೆ, ತಾರ್ಲೆ ಮೀನು ಹರಡಲಿಕ್ಕೆ ಈ ಮರಳು ಬಿಟ್ಟರೆ ನಮಗೆ ಬೇರೆ ಜಾಗ ಇಲ್ಲ. ಸೀಬರ್ಡ್ ನೌಕಾನೆಲೆ ಬಂದಾಗ ಕಾರವಾರದ ಅರಗಾ ಕಡೆಯವರು ಬೇಲೆ ಬಿಟ್ಟು ಎದ್ದು ಹೋದದ್ದು ನಮ್ಮ ಮನೆಗಳಲ್ಲಿ ಇನ್ನೂ ಮಾತಾಗುತ್ತದೆ. ಅದಕ್ಕೇ ಗೇಟು ಅಂದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ.

ವಾರಾಂತ್ಯದ ಅಣ್ಣನಿಗೆ: ಬಾಟಲಿ ಒಡೆದರೆ ಮೊದಲು ಕಾಲು ಕೊಯ್ಯುವುದು ಬರಿಗಾಲಲ್ಲಿ ಹಗ್ಗ ಎಳೆಯುವವರದ್ದು. ಜೀಪು ಹರಿದರೆ ಹರಿಯುವುದು ನಮ್ಮ ಬಲೆ. ನಿಮ್ಮ ಕಷ್ಟವೇ ನಮ್ಮ ಕಷ್ಟ. ನಮ್ಮೂರಲ್ಲಿ ದಾರಿಯ ಬಾಯಿಗೆ ಮೂರು ಕಲ್ಲು ಕಂಬ ನೆಟ್ಟಿದ್ದಾರೆ. ನಡುವೆ ಮೂರಡಿ ಸಂದು. ಬುಟ್ಟಿ ಹೊತ್ತವರು, ಸೈಕಲ್ ತಳ್ಳುವವರು ಹೋಗಬಹುದು, ಜೀಪು ಹೋಗುವುದಿಲ್ಲ. ಹಿಂದೆ ಹಿತ್ತಲಿಗೆ ದಣಪೆ ಇರುತ್ತಿತ್ತಲ್ಲ, ದನ ನಿಲ್ಲಬೇಕು, ಮನುಷ್ಯ ದಾಟಬೇಕು, ಹಾಗೆ. ನಡುವಿನ ಕಂಬ ಕಿತ್ತು ತೆಗೆಯುವ ಹಾಗಿರಲಿ. ಯಾರನ್ನಾದರೂ ಆಸ್ಪತ್ರೆಗೆ ಒಯ್ಯಬೇಕಾದರೆ ಬೇಕಾಗುತ್ತದೆ. ಅದರ ಒಂದು ಕೀಲಿ ಕೇರಿಯಲ್ಲೂ ಇರಲಿ.

ಬಾಸ್ಟನ್ ಹೆಗಡೆ

ನಾನು ಸಿದ್ದಾಪುರದವನು, ಹದಿನೇಳು ವರ್ಷದಿಂದ ಮ್ಯಾಸಚೂಸೆಟ್ಸ್‌ನಲ್ಲಿದ್ದೇನೆ. ಇಲ್ಲಿ ನಿಜವಾಗಿಯೂ ಸಂಘದ ಖಾಸಗಿ ಬೀಚುಗಳಿವೆ. ಮನೆಯ ಪತ್ರದಲ್ಲೇ ಬೀಚಿನ ಹಕ್ಕು ಬರೆದಿರುತ್ತಾರೆ. ವರ್ಷಕ್ಕಿಷ್ಟು ಅಂತ ಬೀಚ್ ಶುಲ್ಕ, ಕಾರಿಗೆ ಸ್ಟಿಕ್ಕರ್, ಅತಿಥಿಗಳಿಗೆ ಲೆಕ್ಕ, ರಾತ್ರಿ ಇಷ್ಟು ಹೊತ್ತಿನ ಮೇಲೆ ಸದ್ದಿಲ್ಲ ಅಂತ ನಿಯಮ. ನಿಮ್ಮ ಸದಸ್ಯರ ತಲೆಯಲ್ಲಿ ಇರುವುದು ಬಹುಶಃ ಈ ಚಿತ್ರ.

ಆದರೆ ಇಲ್ಲಿನ ಕಾನೂನನ್ನು ಪೂರ್ತಿ ಓದಿದರೆ ಬೇರೆಯೇ ಕಾಣುತ್ತದೆ. ಮ್ಯಾಸಚೂಸೆಟ್ಸ್‌ನಲ್ಲಿ ಖಾಸಗಿ ಜಾಗ ಇಳಿತದ ರೇಖೆಯವರೆಗೂ ಹೋಗುತ್ತದೆ. 1640ರ ದಶಕದ, ಬ್ರಿಟಿಷ್ ವಸಾಹತು ಕಾಲದ ಒಂದು ಕಟ್ಟಳೆ ಅದಕ್ಕೆ ಮೂಲ. ಅದೇ ಕಟ್ಟಳೆ ಮೂರು ಹಕ್ಕುಗಳನ್ನು ಜನರಿಗೇ ಉಳಿಸಿತು: ಮೀನು ಹಿಡಿಯುವುದು, ಹಕ್ಕಿ ಬೇಟೆ, ದೋಣಿ ನಡೆಸುವುದು. ಭರತ ಮತ್ತು ಇಳಿತದ ನಡುವಿನ ಮರಳಿನಲ್ಲಿ ಮೀನು ಹಿಡಿಯುವವನನ್ನು ಮನೆಯೊಡೆಯ ಇವತ್ತಿಗೂ ಓಡಿಸುವಂತಿಲ್ಲ. ಬೇರೆ ಹೆಚ್ಚಿನ ರಾಜ್ಯಗಳಲ್ಲಿ ಒದ್ದೆ ಮರಳು ಎಲ್ಲರದ್ದು. ಟೆಕ್ಸಸ್‌ನಲ್ಲಂತೂ 1959ರಿಂದ ಬೀಚನ್ನು ಜನರಿಗೆ ತೆರೆದಿಡಬೇಕು ಅನ್ನುವ ಕಾಯ್ದೆಯೇ ಇದೆ. ಖಾಸಗಿ ಅಂತ ಹೆಸರು ಮಾಡಿದ ದೇಶದಲ್ಲೇ ಮೀನುಗಾರನಿಗೆ ಬೀಗ ಹಾಕಲಿಲ್ಲ, ನಾವ್ಯಾಕೆ ಹಾಕಬೇಕು?

ಇಲ್ಲಿಂದ ತೆಗೆದುಕೊಳ್ಳಬಹುದಾದ ಒಳ್ಳೆಯದೂ ಇದೆ. ಬೀಚಿಗೆಂದೇ ಬೇರೆ ಸಮಿತಿ, ಬೇರೆ ಲೆಕ್ಕ ಇಡುತ್ತಾರೆ. ಪ್ಲವರ್ ಅನ್ನುವ ಸಣ್ಣ ಹಕ್ಕಿ ಮರಳಲ್ಲಿ ಮೊಟ್ಟೆ ಇಡುವ ಕಾಲದಲ್ಲಿ ಹಗ್ಗ ಕಟ್ಟಿ ಗಾಡಿ ನಿಲ್ಲಿಸುತ್ತಾರೆ. ಮನೆ ಬಾಡಿಗೆಗೆ ಕೊಟ್ಟರೆ ಬಾಡಿಗೆಯವರ ತಪ್ಪಿಗೆ ಮನೆಯೊಡೆಯನೇ ಹೊಣೆ. ಈ ಕೊನೆಯದನ್ನು ನಿಮ್ಮ ಉಪನಿಯಮಕ್ಕೆ ಸೇರಿಸಿ.

ಶಿರಸಿ ಅಕ್ಕೋರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಸಭೆ ಆಯಿತು. ಎರಡೂವರೆ ತಾಸು ನಡೆಯಿತು.

ಮೋಜಣಿ ಮಾವ ಹೇಳಿದ ಹಾಗೆ ಲೇಔಟ್ ನಕ್ಷೆಯ ಪ್ರತಿ ತೆಗೆಸಿ ಗೋಡೆಗೆ ಅಂಟಿಸಿದೆ. ದಾರಿಯನ್ನು ನಕ್ಷೆಯಲ್ಲಿ ರಸ್ತೆ ಅಂತಲೇ ತೋರಿಸಿದ್ದಾರೆ. ಅದನ್ನು ನೋಡಿದ ಮೇಲೆ ಸಹಿ ಹಾಕಿದ್ದ ಹನ್ನೊಂದರಲ್ಲಿ ಆರು ಜನ ಸುಮ್ಮನಾದರು. ಉಳಿದವರಿಗೆ ಬೇಜಾರಿದೆ. ಅವರ ಬೇಜಾರು ನನಗೆ ಅರ್ಥವಾಗುತ್ತದೆ. ಸೈಟು ಮಾರಿದವರು ಖಾಸಗಿ ಬೀಚ್ ಅಂತ ನಂಬಿಸಿ ಜಾಸ್ತಿ ಬೆಲೆ ತೆಗೆದುಕೊಂಡಿದ್ದಾರೆ, ಅದು ಮೋಸವೇ. ಆದರೆ ಅದರ ಸಿಟ್ಟನ್ನು ಮೀನಿನ ಬುಟ್ಟಿ ಹೊರುವವರ ಮೇಲೆ ತೀರಿಸಬಾರದು ಅಂತ ನೇರವಾಗಿಯೇ ಹೇಳಿದೆ. ನನ್ನ ಧ್ವನಿ ನಡುಗಿತು, ಆದರೂ ಹೇಳಿದೆ.

ಆಮೇಲೆ ನಾನು ಎಣಿಸದೇ ಇದ್ದ ಒಂದು ಮಾತು ಬಂತು. ಹೋದ ದೀಪಾವಳಿ ರಜೆಯಲ್ಲಿ ಒಬ್ಬ ಸದಸ್ಯರ ಅಣ್ಣನ ಮಗ ಈಜುತ್ತಿದ್ದಾಗ ಸೆಳೆತಕ್ಕೆ ಸಿಕ್ಕಿದ್ದ. ದಡದ ಕಡೆಗೇ ಈಜಿ ಈಜಿ ಸುಸ್ತಾಗಿದ್ದ. ಬಲೆ ಎಳೆಯುತ್ತಿದ್ದ ಇಬ್ಬರು ಹಗ್ಗ ಬಿಟ್ಟು ದೋಣಿ ನೂಕಿ, ಅವನನ್ನು ಹತ್ತಿಸಿಕೊಂಡು ಬಂದಿದ್ದರು. ಆ ಸದಸ್ಯರು ಎದ್ದು ನಿಂತು, “ಆವತ್ತು ಬೇಲೆಯಲ್ಲಿ ನಮ್ಮ ಲೇಔಟಿನವರಷ್ಟೇ ಇದ್ದಿದ್ದರೆ ಹುಡುಗ ಸಿಗುತ್ತಿರಲಿಲ್ಲ” ಅಂದರು. ಅವರೂ ಗೇಟಿನ ಪತ್ರಕ್ಕೆ ಸಹಿ ಹಾಕಿದವರೇ. ಅಲ್ಲೇ ತಮ್ಮ ಹೆಸರು ಹೊಡೆದು ಹಾಕಿದರು.

ಗೇಟು ಬೇಡ, ಮೂರಡಿ ಸಂದಿನ ಕಲ್ಲು ಕಂಬ ಆಗಲಿ ಅಂತ ನಿರ್ಣಯ ಬರೆದೆವು. ಅದಕ್ಕೂ ಪಂಚಾಯ್ತಿಯ ಒಪ್ಪಿಗೆ ಕೇಳಿದ ಮೇಲೇ ಕೆಲಸ ಶುರು. ಡಿಸೆಂಬರಿನಿಂದ ಮೇ ಕೊನೆಯವರೆಗೆ ಕಡಲ ಕಡೆ ಮುಖದ ದೀಪ ರಾತ್ರಿ ಎಂಟರ ಮೇಲೆ ಉರಿಯುವಂತಿಲ್ಲ. ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು, ಮಾರ್ಚಿನಲ್ಲಿ ಇಟ್ಟರೆ ಮೇ ತನಕ ಕಾಯಬೇಕಲ್ಲ. ಬಾಡಿಗೆಯವರ ತಪ್ಪಿಗೆ ಮನೆಯವರೇ ಹೊಣೆ. ಬೇಲೆಯ ಕಸಕ್ಕೆ ಮನೆಗೆ ತಿಂಗಳಿಗೆ 200 ರೂಪಾಯಿ, ಅದರ ಲೆಕ್ಕದ ಪುಸ್ತಕ ಬೇರೆ. ಸಮಿತಿಯಲ್ಲಿ ಕೇರಿಯಿಂದ ಇಬ್ಬರು. ಒಬ್ಬರು ಆ ಅಜ್ಜಿಯ ಸೊಸೆ.

ಬೋರ್ಡಿನ ಮಾತು ಬರೆಯುವ ಕೆಲಸ ನನಗೇ ಬಿತ್ತು. ಹೀಗೆ ಬರೆದಿದ್ದೇನೆ: ‘ಈ ದಾರಿ ಬೇಲೆಗೆ. ಗಾಡಿ ಇಲ್ಲೇ ನಿಲ್ಲಿಸಿ. ಗಾಜು ತರಬೇಡಿ. ಬೆಳಿಗ್ಗೆ ಬಲೆ ಎಳೆಯುವವರಿಗೆ ಜಾಗ ಬಿಡಿ. ಮಳೆಗಾಲದಲ್ಲಿ ನೀರಿಗೆ ಇಳಿಯಬೇಡಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಬೇಡಿ, ಪಕ್ಕಕ್ಕೆ ಈಜಿ.’

ಏಂಡಿ ಬಲೆ ತಮ್ಮಾ, ಇದರಲ್ಲಿ ಬಿಟ್ಟುಹೋದದ್ದಿದ್ದರೆ ಹೇಳು, ಬಣ್ಣ ಬಳಿಯುವವರು ಗುರುವಾರ ಬರುತ್ತಾರೆ. ಮೋಜಣಿ ಮಾವ, ಅರ್ಜಿ ಸೋಮವಾರ ಕೊಡುತ್ತೇನೆ. ಅಳತೆಯ ದಿನ ಕೇರಿಯವರನ್ನೂ ಕರೆದು ನಿಲ್ಲಿಸಿದರೆ ಆಗುತ್ತದೆ ಅಲ್ವಾ?

ಮೋಜಣಿ ಮಾವ, ಕಾರವಾರ

ಆಗುತ್ತದೆ. ಕರೆಯಲೇಬೇಕು. ಹಳೆಯ ಗಡಿ ಕಲ್ಲು ಮರಳಲ್ಲಿ ಹೂತು ಹೋಗಿದ್ದರೆ ಅದು ಎಲ್ಲಿದೆ ಅಂತ ಗೊತ್ತಿರುವುದು ಅವರಿಗೇ.