ಸಹಾಯ ಬೇಕು: ಖಿನ್ನತೆಯ ಪ್ರಥಮ ನೆರವಿನ ಕೈಪಿಡಿಗೆ ನಮ್ಮ ಕಡೆಯ ಮಾತುಗಳು

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗಾಗಿ, ಖಿನ್ನತೆಗೆ ಒಳಗಾದವರಿಗೆ ಮೊದಲು ನೆರವಾಗುವ ಬಗೆಯನ್ನು ತಿಳಿಸುವ ಪುಟ್ಟ ಕೈಪಿಡಿಯೊಂದನ್ನು ನಾವು ಮೂವರು ಸಿದ್ಧಪಡಿಸುತ್ತಿದ್ದೇವೆ. 2000ದಲ್ಲಿ ಆಸ್ಟ್ರೇಲಿಯಾದಲ್ಲಿ ಬೆಟ್ಟಿ ಕಿಚನರ್ ಮತ್ತು ಟೋನಿ ಜಾರ್ಮ್ ಆರಂಭಿಸಿದ 'ಮಾನಸಿಕ ಆರೋಗ್ಯ ಪ್ರಥಮ ನೆರವು' ಎಂಬ ತರಬೇತಿ ಕ್ರಮವೇ ಇದಕ್ಕೆ ಆಧಾರ.

ತೊಡಕಿರುವುದು ಮಾತಿನಲ್ಲಿ. ಕರಡನ್ನು ಓದಿ ಹೇಳಿದಾಗ ಹಿರಿಯ ಕಾರ್ಯಕರ್ತೆಯೊಬ್ಬರು, "ಖಿನ್ನತೆ ಅಂತ ಯಾರು ಹೇಳ್ತಾರೆ ಮಾರಾಯ್ರೆ? ಎದೆ ಭಾರ, ಊಟ ಸೇರಲ್ಲ, ಯಾಕೋ ಬೇಜಾರು ಅಂತಾರೆ" ಎಂದು ನಕ್ಕರು. ಒಬ್ಬರನ್ನೇ ಕೂರಿಸಿಕೊಂಡು ಮಾತನಾಡಬೇಕೆಂಬ ಸಲಹೆಯೂ, ಅತ್ತೆ ಜಗಲಿಯಲ್ಲೇ ಅಡಿಕೆ ಸುಲಿಯುತ್ತ ಕುಳಿತಿರುವ ಮನೆಯಲ್ಲಿ ನಡೆಯುವಂಥದ್ದಲ್ಲ. ಆದರೆ ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಬೇಕೆಂಬ ಸೂಚನೆಯನ್ನು ಕೈಬಿಡುವಂತಿಲ್ಲ. ಕೇಳಿದರೆ ಆ ಯೋಚನೆ ಹುಟ್ಟೀತೆಂಬ ಭಯಕ್ಕೆ ಆಧಾರವಿಲ್ಲವಾದರೂ, ಅದನ್ನು ಕೇಳಲು ತಕ್ಕ ಮೆತ್ತನೆಯ ಕನ್ನಡ ನಮಗಿನ್ನೂ ಒದಗಿಲ್ಲ.

ಆದ್ದರಿಂದ ನಿಮ್ಮ ಮನೆ, ಕೇರಿಗಳಲ್ಲಿ ಇಂಥ ಸಂಕಟವನ್ನು ಹೇಳಿಕೊಳ್ಳುವ ಮಾತುಗಳನ್ನು, ಸಾಧ್ಯವಾದರೆ ಯಾವ ಊರಿನ ಬಳಕೆ ಎಂಬುದರೊಂದಿಗೆ, ದಯವಿಟ್ಟು ಬರೆದು ತಿಳಿಸಿ. ಯಾರ ಹೆಸರೂ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಕೊನೆಯ ಪುಟದಲ್ಲಿ ಕೊಟ್ಟಿದ್ದೇವೆ. ಮಳೆಗಾಲದಲ್ಲಿ ಸಿಗ್ನಲ್ಲೇ ಸಿಗದ ಊರುಗಳವರಿಗೆ ಏನು ಹೇಳಬಹುದೆಂದೂ ಸೂಚಿಸಿದರೆ ಉಪಕಾರವಾಗುತ್ತದೆ.